ಭದ್ರಾವತಿ ಕ್ವಾರ್ಟರ್ಸ್ ಬೀದಿ, ಶಾಲೆ, ನೆರೆಹೊರೆ: ಹಳೇ ನೆನಪನ್ನು ಬರೆದಿಡೋದು ಎಲ್ಲಿಂದ ಶುರು ಮಾಡಬೇಕು?

ಹುತ್ತಾ_ಕಡೆಯವ ಕೇಳಿದ್ದು:

ಉಕ್ಕಿನ ಕಾರ್ಖಾನೆ ಕ್ವಾರ್ಟರ್ಸಿನ ಒಂದೇ ಬೀದಿಯಲ್ಲಿ ಬೆಳೆದು, ಒಂದೇ ಶಾಲೆಗೆ ಹೋದವರ ವಾಟ್ಸಾಪ್ ಗುಂಪೊಂದಿದೆ. ಅರವತ್ತು ಚಿಲ್ಲರೆ ಜನ. ದಿನಾ ಬೆಳಗ್ಗೆ ಒಬ್ಬರು "ಆ ಕಾಲವೇ ಕಾಲ" ಅಂತ ಹಾಕ್ತಾರೆ, ಮೂವತ್ತು ಜನ ಕೈ ಮುಗೀತಾರೆ, ಅಲ್ಲಿಗೆ ಮುಗೀತು. ಯಾವ ಮನೇಲಿ ಯಾರಿದ್ರು, ಮೇಷ್ಟ್ರು ಯಾರ್ಯಾರು, ಯಾವ ವರ್ಷ ಏನಾಯ್ತು ಅನ್ನೋದು ಒಂದು ಕಡೆಯೂ ದಾಖಲಾಗಿಲ್ಲ. ಹೇಳಬಲ್ಲ ಹಿರಿಯರಿಗೆ ಈಗ ಎಂಬತ್ತರ ಆಸುಪಾಸು. ಎಷ್ಟೋ ಮನೆಗಳಿಗೆ ಬೀಗ ಬಿದ್ದಿದೆ, ಕೆಲವು ಕುಸಿದಿವೆ.

ಬೇಕಾಗಿರೋದು ಇಷ್ಟು: ಎದುರುಬದುರು 12–12, ಒಟ್ಟು 24 ಮನೆಗಳ ಬೀದಿ, 1970ರಿಂದ 1990ರವರೆಗೆ. ಜೊತೆಗೆ ಶಾಲೆಯ ಎರಡು ಮೂರು ಬ್ಯಾಚಿನ ಹೆಸರು. ಕೈಯಲ್ಲಿ ನಾಲ್ಕು ಕ್ಲಾಸ್ ಗ್ರೂಪ್ ಫೋಟೋ ಇವೆ, ಒಂದು ಫ್ರೇಮಿನ ಗಾಜಿಗೇ ಅಂಟಿಕೊಂಡುಬಿಟ್ಟಿದೆ. ಇಂಥ ಕೆಲಸ ಮಾಡಿ ಗೊತ್ತಿರೋರು ದಯವಿಟ್ಟು ಹೇಳಿ. ಭಾವುಕ ಮಾತು ನಮ್ಮಲ್ಲೇ ಸಾಕಷ್ಟು ಸ್ಟಾಕ್ ಇದೆ, ವಿಧಾನ ಬೇಕು.

---

ಮೂರನೇ_ಪಾಳಿ ಉತ್ತರ:

"ಆ ದಿನಗಳ ಬಗ್ಗೆ ಏನಾದ್ರೂ ಹೇಳಿ" ಅಂತ ಮಾತ್ರ ಕೇಳಬೇಡಿ. ಹಾಗೆ ಕೇಳಿದ್ರೆ ಎಂಥ ನೆನಪಿನ ಗಟ್ಟಿಗರೂ "ಎಲ್ಲಾ ಒಂದೇ ಮನೆಯವರ ಥರ ಇದ್ವಿ" ಅಂದು ಸುಮ್ಮನಾಗ್ತಾರೆ. "ನಲ್ಲಿ ಹತ್ರ ನಿಮ್ಮ ಕೊಡದ ಮುಂದೆ ಯಾರ ಕೊಡ ಇರ್ತಿತ್ತು?" ಅಂತ ಕೇಳಿ ನೋಡಿ. ಹೆಸರು ಬರುತ್ತೆ, ಅವರ ಜಗಳ ಬರುತ್ತೆ, ಅವರ ಮಗಳು ಯಾವ ಕ್ಲಾಸಲ್ಲಿದ್ಲು ಅನ್ನೋದೂ ಬರುತ್ತೆ. ನೆರೆಹೊರೆಯ ನೆನಪು ಕೂತಿರೋದು ಜಾಗದ ಮೇಲೆ, ವರ್ಷದ ಮೇಲಲ್ಲ. ಆದ್ದರಿಂದ ಮೊದಲು ನಕ್ಷೆ.

ಸರ್ವೆ ಆಫ್ ಇಂಡಿಯಾ ನಕ್ಷೆ ಹುಡುಕಿಕೊಂಡು ಹೋಗಬೇಡಿ. 1:50,000 ಅಳತೆಯಲ್ಲಿ ಒಂದು ಸೆಂಟಿಮೀಟರ್ ಅಂದ್ರೆ ಅರ್ಧ ಕಿಲೋಮೀಟರ್. ನಿಮ್ಮ ಇಡೀ ಬೀದಿ ಅಲ್ಲಿ ಒಂದು ಇರುವೆ. ಅಂಗಡಿಯಲ್ಲಿ ಸಿಗೋ ಚಾರ್ಟ್ ಪೇಪರ್ ಸುಮಾರು 56 × 71 ಸೆಂ.ಮೀ. ಇರುತ್ತೆ, ಅದೇ ಸಾಕು. 1:200 ಅಳತೆ ಇಟ್ಟುಕೊಳ್ಳಿ. ಮನೆಯ ಮುಂಭಾಗ 6 ಮೀಟರ್ ಇದ್ರೆ ಕಾಗದದ ಮೇಲೆ 3 ಸೆಂ.ಮೀ., ಹನ್ನೆರಡು ಮನೆಗೆ 36 ಸೆಂ.ಮೀ. ಹಿತ್ತಲು ಸೇರಿ 12 ಮೀಟರ್ ಆಳ ಅಂದ್ರೆ 6 ಸೆಂ.ಮೀ., ನಡುವೆ 8 ಮೀಟರ್ ರಸ್ತೆಗೆ 4. ಎರಡೂ ಸಾಲು ಸೇರಿ 16 ಸೆಂ.ಮೀ. ಆಯ್ತು, ಹಿಂದಿನ ಗಲ್ಲಿಗಳಿಗೆ ಇನ್ನೊಂದು ಮೂರು. ಮಿಕ್ಕ ಜಾಗವೆಲ್ಲ ಬರೆಯೋಕೆ. ಆ ಖಾಲಿ ಜಾಗ ಬಹಳ ಮುಖ್ಯ, ನಕ್ಷೆಯನ್ನೇ ದೊಡ್ಡದು ಮಾಡಿ ಕಾಗದ ತುಂಬಿಸಿದವರು ಆಮೇಲೆ ಹೆಸರು ಬರೆಯೋಕೆ ಪರದಾಡ್ತಾರೆ.

ಅಳತೆಗೆ ಟೇಪ್ ಹಿಡಿದು ಬೀದಿ ತುಂಬ ಓಡಾಡಬೇಕಾಗಿಲ್ಲ. 20 ಮೀಟರ್ ಒಮ್ಮೆ ಟೇಪಲ್ಲಿ ಅಳೆದು, ಅಷ್ಟು ದೂರ ನಿಮಗೆ ಎಷ್ಟು ಹೆಜ್ಜೆ ಅಂತ ಎಣಿಸಿ. ಸಾಮಾನ್ಯ ನಡಿಗೆಗೆ 27–28 ಹೆಜ್ಜೆ ಬರುತ್ತೆ. ಆಮೇಲೆ ಹೆಜ್ಜೆಯಲ್ಲೇ ಲೆಕ್ಕ. ಮನೆ ಬಿದ್ದುಹೋಗಿರೋ ಕಡೆ ಉಳಿದಿರೋ ಗೇಟಿನ ಕಂಬ, ನೀರಿನ ಟ್ಯಾಂಕು, ಹಳೇ ಮಾವಿನ ಮರ, ಇವೇ ಗುರುತು. ಮನೆ ನಂಬರನ್ನು ನಂಬಬೇಡಿ. ನಂಬರ್ ಮತ್ತೆ ಮತ್ತೆ ಬರೆಸ್ತಾರೆ, ಕೆಲವು ಸಲ ಬೀದಿಯ ಆ ತುದಿಯಿಂದ ಶುರು ಮಾಡ್ತಾರೆ. ಊರಲ್ಲಿ ವಿದ್ಯುತ್ ಮೀಟರಿನ ಆರ್‌ಆರ್ ನಂಬರ್ ಹಿಡಿದು ಮನೆ ಪತ್ತೆ ಮಾಡೋ ಉಪಾಯ ಒಂದಿದೆ, ಆದರೆ ಕಂಪನಿಯೇ ಕರೆಂಟು ಕೊಡ್ತಿದ್ದ ಕಡೆ ಅದು ನಡೆಯಲ್ಲ.

ಇನ್ನು ಎಲ್ಲರೂ ಮಾಡೋ ದೊಡ್ಡ ತಪ್ಪು: ಒಂದು ಮನೆಗೆ ಒಂದೇ ಹೆಸರು ಬರೆಯೋದು. ಕ್ವಾರ್ಟರ್ಸ್ ಅಂದ್ರೆ ಸ್ವಂತ ಮನೆ ಅಲ್ಲ. ಗ್ರೇಡಿನ ಮೇಲೆ ಮನೆ ಹಂಚಿಕೆ. ಪ್ರಮೋಷನ್ ಸಿಕ್ಕಿದ್ರೆ ದೊಡ್ಡ ಮನೆಗೆ ಹೋಗ್ತಾರೆ, ನಿವೃತ್ತಿ ಆದ್ರೆ ಖಾಲಿ ಮಾಡ್ತಾರೆ. ಇಪ್ಪತ್ತು ವರ್ಷದಲ್ಲಿ ಒಂದೇ ಮನೆಗೆ ಮೂರು ಸಂಸಾರ ಬಂದುಹೋಗಿರುತ್ತೆ. "14ರಲ್ಲಿ ಇದ್ದಿದ್ದು ನಾವು", "ಅಲ್ಲ ಅದು ಮಲಯಾಳಿ ಟೀಚರ್ ಮನೆ" ಅಂತ ಗುಂಪಲ್ಲಿ ಕಿತ್ತಾಟ ಶುರುವಾಗೋದು ಇಲ್ಲೇ. ಇಬ್ಬರೂ ಸರಿ, ವರ್ಷ ಬೇರೆ. ಇದಕ್ಕೆ ಮದ್ದು ಟ್ರೇಸಿಂಗ್ ಪೇಪರ್. ಮೂಲ ನಕ್ಷೆಯಲ್ಲಿ ಬರೀ ಗೋಡೆ, ರಸ್ತೆ, ನಲ್ಲಿ. ಅದರ ಮೇಲೆ 1970, 75, 80, 85, 90 ಅಂತ ಐದು ಟ್ರೇಸಿಂಗ್ ಹಾಳೆ. ಹೆಸರು ಹಾಳೆಯ ಮೇಲೆ ಮಾತ್ರ.

ಹೆಸರು ಹೇಳಿಸುವಾಗ ಎಲ್ಲರನ್ನೂ ಒಟ್ಟಿಗೆ ಕೂರಿಸಬೇಡಿ. ದನಿ ದೊಡ್ಡದಿದ್ದವರ ನೆನಪೇ ಕಾಗದಕ್ಕೆ ಇಳಿಯುತ್ತೆ. ಪ್ರತಿಯೊಬ್ಬರಿಗೂ ಎ3 ಜೆರಾಕ್ಸ್ ಒಂದೊಂದು ಕೊಡಿ, ಅವರೇ ಬರೀಲಿ, ತಪ್ಪಿದ್ರೂ ತಿದ್ದಬೇಡಿ. ನಾಲ್ಕೈದು ಪ್ರತಿ ಕೂಡಿದ ಮೇಲೆ ಹೋಲಿಸಿ ನೋಡಿ.

ಪ್ರತಿ ಮನೆಗೂ ಎರಡು ವಿಷಯ ಕೇಳಲೇಬೇಕು, ಯಾವ ಡಿಪಾರ್ಟ್‌ಮೆಂಟು, ಯಾವ ಪಾಳಿ. ಕಾರ್ಖಾನೆ ಬೀದಿಯಲ್ಲಿ ಜನರ ಹೆಸರೇ ಹಾಗೆ: ಪೈಪ್ ಫೌಂಡ್ರಿ ಮಾಮ, ರೋಲಿಂಗ್ ಮಿಲ್ ಅಂಕಲ್, ಸ್ಟೋರ್ಸ್ ಅಜ್ಜ. ನಿಜವಾದ ಹೆಸರು ಮಕ್ಕಳಿಗೆ ಗೊತ್ತೇ ಇರಲ್ಲ, ಆದರೆ ಹಳೇ ಸಹೋದ್ಯೋಗಿಯೊಬ್ಬರಿಗೆ ಡಿಪಾರ್ಟ್‌ಮೆಂಟು ಹೇಳಿದ್ರೆ ಎರಡು ನಿಮಿಷದಲ್ಲಿ ಹೆಸರು ಸಿಗುತ್ತೆ. ಪಾಳಿ ಅಂದ್ರೆ ಸಾಮಾನ್ಯವಾಗಿ ಬೆಳಗ್ಗೆ 6–2, ಮಧ್ಯಾಹ್ನ 2–10, ರಾತ್ರಿ 10–6, ಸರದಿ ಮೇಲೆ ಬದಲಾಗೋದು. ಇದನ್ನ ನೇರ ಕೇಳಿದ್ರೆ ಉತ್ತರ ಬರಲ್ಲ. "ಯಾರ ಮನೆ ಮುಂದೆ ಮಧ್ಯಾಹ್ನ ಲಗೋರಿ ಆಡಿದ್ರೆ ಬೈಗುಳ ಬೀಳ್ತಿತ್ತು?" ಅಂತ ಕೇಳಿ. ರಾತ್ರಿ ಪಾಳಿ ಮುಗಿಸಿ, ಕಿಟಕಿಗೆ ಕಂಬಳಿ ಕಟ್ಟಿ ಮಲಗಿದ್ದವರ ಪಟ್ಟಿ ತಾನಾಗಿ ಬರುತ್ತೆ.

ನಕ್ಷೆಯಲ್ಲಿ ಸೊಸೈಟಿ ಅಂಗಡಿ, ಹಿಟ್ಟಿನ ಗಿರಣಿ, ಸೈಕಲ್ ಶಾಪು, ಬಟ್ಟೆ ಒಗೆಯೋ ಕಲ್ಲು ಇವನ್ನೂ ಹಾಕಿ. ಶಾಲೆಗೆ ಹೋಗ್ತಿದ್ದ ಅಡ್ಡದಾರಿಯನ್ನು ಚುಕ್ಕಿ ಗೆರೆಯಲ್ಲಿ ತೋರಿಸಿ. ಕಾಂಪೌಂಡ್ ಗೋಡೆಯ ತೂತು ಎಲ್ಲಿತ್ತು ಅನ್ನೋದರ ಬಗ್ಗೆ ಮಾತ್ರ ಯಾರಲ್ಲೂ ಭಿನ್ನಾಭಿಪ್ರಾಯ ಇರಲ್ಲ.

---

ನೆಗೆಟಿವ್_ಡಬ್ಬಿ ಉತ್ತರ:

ಫೋಟೋ ವಿಚಾರ ನಾನು ಹೇಳ್ತೀನಿ. ಗಾಜಿಗೆ ಅಂಟಿದ ಫೋಟೋನ ಎಳೀಬೇಡಿ. ಬ್ಲೇಡು, ಬಿಸಿನೀರು, ಹೇರ್ ಡ್ರೈಯರ್ ಯಾವುದೂ ಬೇಡ. ಹಳೇ ಕಪ್ಪು-ಬಿಳುಪು ಪ್ರಿಂಟಿನ ಮೇಲ್ಪದರ ಜೆಲಟಿನ್. ಮಲೆನಾಡಿನ ಅಂಚಿನ ಮಳೆಗಾಲದಲ್ಲಿ ಅದು ತೇವ ಹೀರಿ ಉಬ್ಬುತ್ತೆ, ಗಾಜಿಗೆ ಒತ್ತಿಕೊಂಡೇ ಇದ್ದು, ಒಣಗಿದಾಗ ಅಂಟಿನ ಹಾಗೆ ಹಿಡಿದುಬಿಡುತ್ತೆ. ಎಳೆದ್ರೆ ಚಿತ್ರ ಗಾಜಿನ ಮೇಲೆ, ಬಿಳಿ ಕಾಗದ ನಿಮ್ಮ ಕೈಯಲ್ಲಿ. ಹಾಳಾಗೋದು ಯಾವಾಗಲೂ ಮುಖದ ಜಾಗವೇ, ಅದೇನು ಶಾಪವೋ!

ಗಾಜಿನ ಸಮೇತ ಕ್ಯಾಮೆರಾದಲ್ಲಿ ತೆಗೀರಿ. ಸ್ಕ್ಯಾನರ್ ಮೇಲೆ ಇಟ್ರೆ ಎರಡು ತೊಂದರೆ. ಗಾಜಿಗೆ ಗಾಜು ತಾಗಿ ಕಾಮನಬಿಲ್ಲಿನ ಉಂಗುರ ಬರುತ್ತೆ. ಇನ್ನೊಂದು, ಈಗಿನ ತೆಳ್ಳನೆಯ ಅಗ್ಗದ ಸ್ಕ್ಯಾನರುಗಳಿಗೆ ತಮ್ಮ ಗಾಜಿಗೆ ತಾಗಿರೋದು ಮಾತ್ರ ಸ್ಪಷ್ಟ, ಫ್ರೇಮಿನ ಗಾಜಿನ ದಪ್ಪದಿಂದ ಮೂರು ಮಿಲಿಮೀಟರ್ ದೂರ ಆದರೂ ಮಸುಕು. ಕ್ಯಾಮೆರಾ ವಿಧಾನ ಹೀಗೆ: ಫ್ರೇಮಿನಿಂದ ಹಿಂದಿನ ರಟ್ಟು ತೆಗೆದು, ಗಾಜು-ಫೋಟೋ ಜೋಡಿಯನ್ನು ಟೇಬಲ್ ಮೇಲೆ ಮಲಗಿಸಿ. ಬೆಳಕು ಒಂದು ಪಕ್ಕದ ಕಿಟಕಿಯಿಂದ ಮಾತ್ರ, ಸುಮಾರು 45 ಡಿಗ್ರಿ ಓರೆಯಲ್ಲಿ ಬೀಳಬೇಕು. ಟ್ಯೂಬ್‌ಲೈಟ್ ಆರಿಸಿ, ಫ್ಲ್ಯಾಷ್ ಬಂದ್. ಕಪ್ಪು ಬಟ್ಟೆಗೆ ಲೆನ್ಸಿನಷ್ಟೇ ತೂತು ಮಾಡಿ ಫೋನನ್ನು ಅದರ ಹಿಂದೆ ಹಿಡೀರಿ, ಇಲ್ಲದಿದ್ರೆ ಗಾಜಲ್ಲಿ ನಿಮ್ಮ ಮುಖವೇ ಹಿಂದಿನ ಸಾಲಲ್ಲಿ ನಿಂತಿರುತ್ತೆ. ತೀರಾ ಹತ್ತಿರ ಹೋಗದೆ ಒಂದು ಮೀಟರ್ ದೂರದಿಂದ ಎರಡರಷ್ಟು ಜೂಮ್‌ನಲ್ಲಿ ತೆಗೆದರೆ ಅಂಚಿನ ಮಕ್ಕಳು ಅಗಲ ಆಗಲ್ಲ.

ಉಳಿದ ಮೂರಕ್ಕೆ ಫ್ಲ್ಯಾಟ್‌ಬೆಡ್ ಸ್ಕ್ಯಾನರ್, 600 ಡಿಪಿಐ (ಇಂಚಿಗೆ 600 ಚುಕ್ಕಿ). ಅಂಗಡಿಯವರು 300 ಸಾಕು ಅಂತಾರೆ, ಅದು ಅಷ್ಟೇ ಸೈಜಿನ ಪ್ರಿಂಟಿಗೆ ಸಾಕು, ಗುರುತು ಹಿಡಿಯೋಕೆ ಸಾಲದು. 10 × 12 ಇಂಚಿನ ಗ್ರೂಪ್ ಫೋಟೋದಲ್ಲಿ ಒಂದು ಮಗುವಿನ ಮುಖ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್. 300ರಲ್ಲಿ ಅದಕ್ಕೆ 118 ಪಿಕ್ಸೆಲ್ ಸಿಗುತ್ತೆ, 600ರಲ್ಲಿ 236. ದೊಡ್ಡದು ಮಾಡಿ ನೋಡುವಾಗ ವ್ಯತ್ಯಾಸ ಗೊತ್ತಾಗುತ್ತೆ. ಕಪ್ಪು-ಬಿಳುಪು ಫೋಟೋ ಆದರೂ ಕಲರ್ ಮೋಡಿನಲ್ಲೇ ಮಾಡಿಸಿ. ಹಳದಿ ಕಲೆ, ನೀಲಿ ಇಂಕಿನ ಗುರುತು ಆಮೇಲೆ ಬೇರ್ಪಡಿಸೋಕೆ ಆಗೋದು ಬಣ್ಣ ಇದ್ರೆ ಮಾತ್ರ. ಟಿಫ್ ಫೈಲ್ ಸುಮಾರು 130 ಎಂಬಿ ಆಗುತ್ತೆ, ಮೂಲ ಪ್ರತಿ ಅದೇ ಇರಲಿ. ಗುಂಪಿಗೆ ಕಳಿಸೋಕೆ ಜೆಪಿಜಿ, ಅದೂ "ಡಾಕ್ಯುಮೆಂಟ್" ಅಂತ ಕಳಿಸಿ. ಫೋಟೋ ಅಂತ ಕಳಿಸಿದ್ರೆ ವಾಟ್ಸಾಪ್ ಹಿಂಡಿ ಹಿಪ್ಪೆ ಮಾಡುತ್ತೆ.

ಫೋಟೋ ಅಂಟಿಸಿದ ರಟ್ಟನ್ನು ಬಿಡಬೇಡಿ. ಸ್ಟುಡಿಯೋ ಹೆಸರು, ಕೆಳಗೆ ಬರೆದ ಮೇಷ್ಟ್ರ ಹೆಸರುಗಳು, ಹಿಂದಿನ ರಬ್ಬರ್ ಸ್ಟ್ಯಾಂಪು ಎಲ್ಲ ಅದರ ಮೇಲೇ ಇರೋದು. ರಟ್ಟಿನ ಹಿಂದೆ ಬಾಲ್‌ಪೆನ್ನಲ್ಲಿ ಬರೀಬೇಡಿ, ಒತ್ತು ಮುಂದೆ ಮೂಡುತ್ತೆ. ಬರೀಲೇಬೇಕು ಅಂದ್ರೆ ಮೆತ್ತನೆ ಪೆನ್ಸಿಲ್, ಅಂಚಿನಲ್ಲಿ.

ಗುರುತಿಸೋಕೆ ಪ್ರಿಂಟ್ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಮುಖಕ್ಕೊಂದು ನಂಬರ್ ಕೊಡಿ. ಎಡ-ಬಲ ಅಂದ್ರೆ ನೋಡುವವರ ಎಡ-ಬಲ, ಅದನ್ನ ಹಾಳೆ ಮೇಲೆ ದೊಡ್ಡದಾಗಿ ಬರೆದಿಡಿ, ಅರ್ಧ ಗೊಂದಲ ಅಲ್ಲೇ ಹುಟ್ಟೋದು. ಪ್ರತಿ ಹೆಸರಿನ ಮುಂದೆ "ಯಾರು ಹೇಳಿದ್ರು" ಅನ್ನೋ ಕಾಲಂ ಇರಲಿ. ಎರಡು ಹೆಸರು ಬಂದ್ರೆ ಎರಡನ್ನೂ ಇಡಿ.

ಮತ್ತೊಂದು. ಮಸುಕಾದ ಮುಖ "ಚಂದ ಮಾಡೋ" ಆ್ಯಪ್‌ಗಳಿಗೆ ಈ ಫೋಟೋ ಹಾಕಿ ಗುರುತು ಕೇಳಬೇಡಿ. ಅದು ಹಳೇ ಮುಖವನ್ನು ಹುಡುಕಿ ಕೊಡಲ್ಲ, ಹೊಸ ಮುಖ ಬರೆದುಕೊಡುತ್ತೆ. ಆಮೇಲೆ ಇಡೀ ಗುಂಪು ಇಲ್ಲದ ಹುಡುಗನಿಗೆ ಹೆಸರು ಹುಡುಕ್ತಾ ಕೂರುತ್ತೆ.

---

ಹಾಜರಿ_ಪುಸ್ತಕ ಉತ್ತರ:

ಶಾಲೆಯ ಕಡೆಯಿಂದ ಕೆಲವು ಮಾತು.

ಶಾಲೆಗಳಲ್ಲಿ ದಾಖಲಾತಿ ರಿಜಿಸ್ಟರ್ ಶಾಶ್ವತ ದಾಖಲೆ. ಹಾಜರಿ ಪುಸ್ತಕ ಹಾಗಲ್ಲ, ಕೆಲವು ವರ್ಷ ಇಟ್ಟು ವಿಲೇವಾರಿ ಮಾಡುತ್ತಾರೆ. ಆದ್ದರಿಂದ 1978ರ ಹಾಜರಿ ಪುಸ್ತಕ ಕೊಡಿ ಎಂದು ಕೇಳಿಕೊಂಡು ಹೋದರೆ ಬರಿಗೈ. ದಾಖಲಾತಿ ರಿಜಿಸ್ಟರಿನಲ್ಲಿ ವಿದ್ಯಾರ್ಥಿ, ಪೋಷಕರ ಹೆಸರು, ಸೇರಿದ ದಿನ, ಶಾಲೆ ಬಿಟ್ಟ ದಿನ, ಟಿ.ಸಿ. ನಂಬರು ಇರುತ್ತವೆ. ನಿಮ್ಮ ಕೆಲಸಕ್ಕೆ ಬೆಲೆಯುಳ್ಳದ್ದು "ಬಿಟ್ಟ ದಿನ". ಒಂದು ಸಂಸಾರ ಬೀದಿ ಬಿಟ್ಟದ್ದು ಯಾವಾಗ ಎನ್ನುವುದು ಮಕ್ಕಳ ಟಿ.ಸಿ. ದಿನಾಂಕದಲ್ಲಿ ಸಿಕ್ಕಿಬೀಳುತ್ತದೆ. ಶಾಲೆ ಮುಚ್ಚಿದ್ದರೆ ಅಥವಾ ಬೇರೆ ಶಾಲೆಗೆ ಸೇರಿಸಿದ್ದರೆ ರಿಜಿಸ್ಟರು ಎಲ್ಲಿಗೆ ಹೋಯಿತು ಎಂದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಆದರೆ ಆ ಪುಟಗಳ ಫೋಟೋ ತೆಗೆಯಲು ಹೋಗಬೇಡಿ. ಜಾತಿ, ಜನ್ಮದಿನಾಂಕ, ತಂದೆಯ ಉದ್ಯೋಗ ಎಲ್ಲವೂ ಅಲ್ಲಿರುತ್ತದೆ. ಮುಖ್ಯೋಪಾಧ್ಯಾಯರು ಬೇಡ ಎಂದರೆ ಅದು ಸರಿಯಾದ ಬೇಡವೇ. ನಿಮ್ಮದೇ ಹೆಸರಿನ ಪಟ್ಟಿ ಮೊದಲು ತಯಾರಿಸಿಕೊಂಡು, ಲಿಖಿತ ಮನವಿ ಕೊಟ್ಟು, "ಇವರು ಸೇರಿದ ವರ್ಷ, ಬಿಟ್ಟ ವರ್ಷ ಮಾತ್ರ ನೋಡಿ ಹೇಳಿ" ಎಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಹೋಗುವ ದಿನ ನೋಡಿಕೊಳ್ಳಿ. ದಾಖಲಾತಿ ನಡೆಯುವ ಜೂನ್ ತಿಂಗಳಲ್ಲೂ ಪರೀಕ್ಷೆ ನಡೆಯುವ ಮಾರ್ಚಿನಲ್ಲೂ ಯಾರಿಗೂ ಪುರುಸೊತ್ತಿರುವುದಿಲ್ಲ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಳ್ಳೆಯದು.

ರಿಜಿಸ್ಟರಿನ ಜನ್ಮದಿನಾಂಕ ನಂಬಿ ವಯಸ್ಸಿನ ಲೆಕ್ಕ ಹಾಕಬೇಡಿ. ಆ ತಲೆಮಾರಿನಲ್ಲಿ ಜೂನ್ 1ಕ್ಕೆ ಹುಟ್ಟಿದವರು ಎಷ್ಟು ಜನ ಎಂದು ನಿಮ್ಮ ಗುಂಪಿನಲ್ಲೇ ಕೇಳಿ ನೋಡಿ! ದಾಖಲೆ ತರದ ಪೋಷಕರ ಮಗುವಿಗೆ ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಸರಿಹೊಂದುವಂತೆ ಮೇಷ್ಟ್ರೇ ಹಾಕುತ್ತಿದ್ದ ತಾರೀಖು ಅದು.

ರಿಜಿಸ್ಟರ್ ಸಿಗದಿದ್ದರೂ ಹೆಸರು ಹೊರಡಿಸುವ ಉಪಾಯ ಒಂದಿದೆ, ಹಾಜರಿ ಕೂಗಿಸುವುದು. ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದಿನ ಒಂದೇ ಕ್ರಮದಲ್ಲಿ ಕೇಳಿದ ಹೆಸರುಗಳು ಮಗ್ಗಿಯ ಹಾಗೆ ನಾಲಿಗೆಯಲ್ಲಿ ಕೂತಿರುತ್ತವೆ. ಅದೇ ಸೆಕ್ಷನ್ನಿನ ಇಬ್ಬರು ಮೂವರನ್ನು ಫೋನಿನಲ್ಲಿ ಒಟ್ಟಿಗೆ ಸೇರಿಸಿ, ಒಬ್ಬರು ಮೇಷ್ಟ್ರ ಧಾಟಿಯಲ್ಲೇ ಕೂಗಲಿ, "ಎಸ್ ಸಾರ್" ಕೂಡ ಇರಲಿ. (ಮನೆ ನಕ್ಷೆ ಒಬ್ಬೊಬ್ಬರೇ ಮಾಡಬೇಕು ಎಂದು ಮೇಲಿನವರು ಹೇಳಿದ್ದು ಸರಿ. ಹಾಜರಿಗೆ ಮಾತ್ರ ಗುಂಪೇ ಬೇಕು, ಒಬ್ಬರ ತಾಳ ಇನ್ನೊಬ್ಬರನ್ನು ಎಳೆಯುತ್ತದೆ.) ತಡವರಿಸಿದ ಕಡೆ ನಿಲ್ಲಬೇಡಿ, ಆ ನಂಬರ್ ಖಾಲಿ ಬಿಟ್ಟು ಮುಂದಕ್ಕೆ ಹೋಗಿ. ಹುಡುಗರು, ಹುಡುಗಿಯರ ಪಟ್ಟಿ ಬೇರೆ ಬೇರೆ ಕೂಗುತ್ತಿದ್ದ ಶಾಲೆಯಾದರೆ ಹುಡುಗಿಯರ ಪಟ್ಟಿಗೆ ಹುಡುಗಿಯರನ್ನೇ ಕೇಳಿ. ಹೆಣ್ಣುಮಕ್ಕಳ ಇನಿಷಿಯಲ್ಲು ಮದುವೆಯ ಮೇಲೆ ಬದಲಾಗಿರುತ್ತದೆ, ಅಂದಿನದು, ಇಂದಿನದು ಎರಡನ್ನೂ ಬರೆಯಿರಿ. ಒಂದೇ ಕ್ಲಾಸಿನಲ್ಲಿ ನಾಲ್ಕು ಮಂಜುನಾಥ ಇರುವುದು ಶಿವಮೊಗ್ಗ ಜಿಲ್ಲೆಯಲ್ಲಿ ಸಹಜ, ಇನಿಷಿಯಲ್ ಇಲ್ಲದ ಮಂಜುನಾಥ ನಿಮಗೆ ಪ್ರಯೋಜನವಿಲ್ಲ.

ಕ್ಲಾಸ್ ಫೋಟೋ ಬಗ್ಗೆ ಒಂದು ಎಚ್ಚರಿಕೆ. ಅದನ್ನು ಸಾಮಾನ್ಯವಾಗಿ ತೆಗೆಸುತ್ತಿದ್ದುದು ಜನವರಿಯಿಂದ ಮಾರ್ಚ್ ನಡುವೆ. ಹಲಗೆಯ ಮೇಲೆ "1979" ಎಂದಷ್ಟೇ ಇದ್ದರೆ ಅದು 1978–79ನೇ ಸಾಲಿನ ಬ್ಯಾಚು ಆಗಿರುವ ಸಂಭವ ಹೆಚ್ಚು.

ಇನ್ನು ಗುರುವಂದನೆ ಮಾಡುವ ಯೋಚನೆ ಇದ್ದರೆ, ಮಾಡಿ. ಆದರೆ ಈಗ ನಡೆಯುವ ಕ್ರಮ ನನಗೆ ಹಿಡಿಸುವುದಿಲ್ಲ. ದೊಡ್ಡ ಫ್ಲೆಕ್ಸು, ಶಾಲು, ಹಣ್ಣಿನ ಬುಟ್ಟಿ, ಸೆಲ್ಫಿ. ಎಂಬತ್ತೈದು ವರ್ಷದ ಮೇಷ್ಟ್ರಿಗೆ ಮೈಕು ಸಿಗುವುದು ಮೂರು ನಿಮಿಷ, ಅದೂ ಊಟಕ್ಕೆ ಎಲೆ ಹಾಕಿದ ಮೇಲೆ. ಕಾರ್ಯಕ್ರಮದ ಹಿಂದಿನ ದಿನವೇ ಒಬ್ಬಿಬ್ಬರು ಅವರ ಮನೆಗೆ ಹೋಗಿ, ನಂಬರ್ ಹಾಕಿದ ಫೋಟೋ ಮುಂದಿಟ್ಟು ಒಂದು ಗಂಟೆ ಕುಳಿತುಕೊಳ್ಳಿ.

---

ಹುತ್ತಾ_ಕಡೆಯವ:

ತುಂಬಾ ಉಪಕಾರ. ಹಾಜರಿ ಪ್ರಯೋಗ ನಿನ್ನೆ ರಾತ್ರಿಯೇ ಮಾಡಿದ್ರು, 42ರಲ್ಲಿ 37 ಹೆಸರು ಬಂತು. ಈಗ ವರ್ಷದ ಗಲಾಟೆ ಶುರುವಾಗಿದೆ. ಮುಂದಿನ ರಸ್ತೆಗೆ ಟಾರು ಬಂದದ್ದು 77 ಅಂತ ಒಬ್ಬರು, 82 ಅಂತ ಇನ್ನೊಬ್ಬರು. ಶಾಲೆ ಉಪ್ಪಿಟ್ಟು ನಿಂತದ್ದು ಯಾವಾಗ ಅನ್ನೋದಕ್ಕೂ ಜಗಳ. ತಾರೀಖು ಕೂರಿಸೋದು ಹೇಗೆ?

---

ತಾರೀಖು_ಹುಚ್ಚ ಉತ್ತರ:

ವರ್ಷ ಕೇಳಬೇಡಿ, ಮುಂಚೆ-ಆಮೇಲೆ ಕೇಳಿ. ಎಲ್ಲರ ನೆನಪಲ್ಲೂ ಇರುವ, ತಾರೀಖು ಖಚಿತವಾಗಿ ಗೊತ್ತಿರುವ ಗೂಟಗಳನ್ನು ಮೊದಲು ನೆಡಿ. ನಿಮ್ಮ ಅವಧಿಗೆ ಸರಿಹೋಗುವಂಥವು:

1973 ನವೆಂಬರ್ 1, ಮೈಸೂರು ರಾಜ್ಯ ಕರ್ನಾಟಕ ಆದದ್ದು. 1979 ಜುಲೈ 11, ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬಿದ್ದದ್ದು. ತಲೆ ಮೇಲೆ ಬೀಳುತ್ತೆ ಅಂತ ಮಕ್ಕಳಿಗೆ ಎಷ್ಟು ಭಯ ಇತ್ತು ಅಂದ್ರೆ ಆಗ ಯಾವ ಕ್ಲಾಸು ಅಂತ ಯಾರನ್ನು ಕೇಳಿದರೂ ಹೇಳ್ತಾರೆ. 1980 ಫೆಬ್ರುವರಿ 16, ಶನಿವಾರದ ಸೂರ್ಯಗ್ರಹಣ. ಪೂರ್ಣಗ್ರಹಣ ಹಾದುಹೋದದ್ದು ಅಂಕೋಲಾ, ಹುಬ್ಬಳ್ಳಿ, ರಾಯಚೂರು ಕಡೆ, ಭದ್ರಾವತಿಗೆ ಪಾರ್ಶ್ವ. ಆದರೂ ಬಾಗಿಲು ಹಾಕಿಕೊಂಡು ಕೂತದ್ದು ಎಲ್ಲ ಕಡೆಯೂ ಒಂದೇ. ನನ್ನ ಪ್ರಕಾರ ಕರ್ನಾಟಕದ ಮಟ್ಟಿಗೆ ಇದಕ್ಕಿಂತ ಗಟ್ಟಿ ಗೂಟ ಇನ್ನೊಂದಿಲ್ಲ. ಆಮೇಲೆ 1983 ಜೂನ್ 25ರ ವಿಶ್ವಕಪ್ ಫೈನಲ್, 1984 ಅಕ್ಟೋಬರ್ 31ರಂದು ಇಂದಿರಾ ಗಾಂಧಿ ಹತ್ಯೆ, 1987ರ ಜನವರಿಯಲ್ಲಿ ಭಾನುವಾರ ಬೆಳಗಿನ ರಾಮಾಯಣ ಧಾರಾವಾಹಿ ಶುರುವಾದದ್ದು.

ಈಗ ಟಾರಿನ ಪ್ರಶ್ನೆ: "ಗ್ರಹಣದ ದಿನ ರಸ್ತೆಗೆ ಟಾರು ಇತ್ತಾ, ಮಣ್ಣಿತ್ತಾ?" ಇದ್ದರೆ 1980ರ ಫೆಬ್ರುವರಿ 16ಕ್ಕಿಂತ ಮುಂಚೆ. "ಸ್ಕೈಲ್ಯಾಬ್ ಹೊತ್ತಿಗೆ?" ಹೀಗೆ ಎರಡು ಗೂಟದ ನಡುವೆ ಹಿಡಿದು ಹಾಕಿ. ಸಿಕ್ಕಿದ್ದನ್ನು "1979–80" ಅಂತಲೇ ಬರೆಯಿರಿ, ಅಂದಾಜನ್ನು ಒಂದೇ ವರ್ಷಕ್ಕೆ ಇಳಿಸುವ ಆಸೆ ಬೇಡ.

ಟಿವಿ ಬಂದದ್ದು ಯಾವಾಗ ಅನ್ನೋದನ್ನು ಗೂಟ ಮಾಡಿಕೊಳ್ಳಬೇಡಿ. ಮನೆಗೆ ಬಂದದ್ದು, ಪಕ್ಕದ ಮನೆಗೆ ಬಂದದ್ದು, ಕ್ಲಬ್ಬಿಗೆ ಬಂದದ್ದು ಎಲ್ಲ ಕಲಸಿಹೋಗಿರುತ್ತೆ.

ಉಪ್ಪಿಟ್ಟಿನ ಗಲಾಟೆಯಲ್ಲಿ ಎರಡು ಬೇರೆ ಯೋಜನೆ ಸೇರಿಹೋಗುವ ಅಪಾಯ ಇದೆ. ಹಿಂದಿನದು ಕೇರ್ ಸಂಸ್ಥೆಯ ಗೋಧಿ ನುಚ್ಚು, ಎಣ್ಣೆ, ಹಾಲಿನ ಪುಡಿಯದ್ದು, "ಅಮೆರಿಕದ ಉಪ್ಪಿಟ್ಟು" ಅಂತ ಕರೆಯುತ್ತಿದ್ದದ್ದು. ಈಗಿನ ಬಿಸಿಯೂಟ, ಅಕ್ಷರ ದಾಸೋಹ, ರಾಜ್ಯದಲ್ಲಿ ಶುರುವಾದದ್ದೇ 2002ರಲ್ಲಿ, ಅದೂ ಈಶಾನ್ಯದ ಜಿಲ್ಲೆಗಳಿಂದ. ಅನ್ನ-ಸಾಂಬಾರು ಅಂದವರು ನಿಮ್ಮ ಬ್ಯಾಚಿನವರಲ್ಲ, ಅವರ ಮಕ್ಕಳ ಕಾಲದ ನೆನಪು ಹೇಳ್ತಿದ್ದಾರೆ.

ಕಾಗದ ಪತ್ರ ಸಿಕ್ಕಿದರೆ ಅದೇ ತಾರೀಖು ಹೇಳುತ್ತೆ. ಕಂಪನಿ ಚೀಟಿಯ ಮೇಲೆ ಮೈಸೂರು ಐರನ್ ಅಂಡ್ ಸ್ಟೀಲ್, ಅಂದ್ರೆ ಎಂಐಎಸ್‌ಎಲ್ ಅಂತ ಇದ್ದರೆ ಹಳೆಯದು. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ವಿಐಎಸ್‌ಎಲ್ ಅಂತ ಇದ್ದರೆ ಎಪ್ಪತ್ತರ ದಶಕದ ನಡುವಿನಿಂದ ಈಚಿನದು. ಕೇಂದ್ರದ ಉಕ್ಕು ಪ್ರಾಧಿಕಾರದ (ಸೈಲ್) ಹೆಸರು ಜೊತೆಗಿದ್ದರೆ 1989ರ ನಂತರದ್ದು. ಅಂಚೆ ಲಕೋಟೆಯ ಮೇಲೆ ಪಿನ್‌ಕೋಡ್ ಇದ್ದರೆ 1972 ಆಗಸ್ಟ್ 15ರಿಂದ ಈಚೆಗೆ. ಆದರೆ ಪಿನ್ ಇಲ್ಲ ಅಂದಮಾತ್ರಕ್ಕೆ ಅದಕ್ಕಿಂತ ಹಳೆಯದು ಅಂತಲ್ಲ, ಬರೆಯೋ ಅಭ್ಯಾಸ ಆಗಲು ಜನಕ್ಕೆ ವರ್ಷಗಳೇ ಹಿಡಿದವು.

ಅಂದಹಾಗೆ, ನಕ್ಷೆಯ ಮೂಲೆಯಲ್ಲಿ ಊರಿನ ಹಿನ್ನೆಲೆ ಎರಡು ಸಾಲು ಬರೆಯುವವರು ಕಾರ್ಖಾನೆ ಕುಲುಮೆ ಹೊತ್ತಿದ್ದು 1923, ಕಾಗದದ ಕಾರ್ಖಾನೆ ಸ್ಥಾಪನೆ 1936 ಅಂತ ಸರಿಯಾಗಿ ಬರೆಯಿರಿ. ಭದ್ರಾವತಿಗಿದ್ದ ಬೆಂಕಿಪುರ ಅನ್ನೋ ಹಳೇ ಹೆಸರು ಕುಲುಮೆಯಿಂದ ಬಂತು ಅಂತ ವಾಟ್ಸಾಪಲ್ಲಿ ಓಡಾಡುತ್ತೆ. ಅದು ಕಾರ್ಖಾನೆಗೂ ಮುಂಚಿನ ಹೆಸರು.

---

ಚಾಂಪಿಯನ್_ರೀಫ್ ಉತ್ತರ:

ಕೆಜಿಎಫ್ ಕಡೆಯವರು ಇದನ್ನು ತಡವಾಗಿ ಕಲಿತರು. 2001 ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು, ಲೈನು ಮನೆಗಳಿಂದ ಜನ ಚದುರಿದರು. ನಕ್ಷೆಯೂ ಫೋಟೋವೂ ಸರಿ, ಆದರೆ ಮೊದಲು ದನಿ ಹಿಡಿಯಿರಿ. ಫೋಟೋ ಮುಂದಿನ ವರ್ಷವೂ ಇರುತ್ತೆ.

ಫೋನಿನ ರೆಕಾರ್ಡರ್ ಸಾಕು. ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ರೆ ಕರೆ ಬಂದು ರೆಕಾರ್ಡಿಂಗ್ ತುಂಡಾಗುತ್ತೆ. ಬಾಯಿಂದ ಒಂದು ಗೇಣು ದೂರ, ಮಡಿಸಿದ ಟವೆಲ್ ಮೇಲೆ ಇಡಿ. ಬರೀ ಟೇಬಲ್ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಂಡು ಹೊಡೆದ ಹಾಗೆ ಕೇಳುತ್ತೆ. ಫ್ಯಾನ್ ಆರಿಸಿ. ಕುಕ್ಕರ್ ಇಡೋ ಹೊತ್ತಲ್ಲಿ ಹೋಗಬೇಡಿ. ವೇವ್ ಫೈಲ್ ಒಂದು ಗಂಟೆಗೆ ಮೋನೋದಲ್ಲಿ ಸುಮಾರು 320 ಎಂಬಿ, ಎಂ4ಎ ಫೈಲ್ 128 ಕೆಬಿಪಿಎಸ್‌ನಲ್ಲಿ 60 ಎಂಬಿ ಒಳಗೆ. ಮಾತಿಗೆ ಎರಡನೆಯದೇ ಸಾಕು. ಮೊದಲ ನಿಮಿಷ ನೀವೇ ತಾರೀಖು, ಊರು, ಯಾರ ಜೊತೆ ಅಂತ ಹೇಳಿ, ಅವರ ಒಪ್ಪಿಗೆಯನ್ನೂ ದನಿಯಲ್ಲೇ ಪಡೆಯಿರಿ. ಎಂಬತ್ತು ದಾಟಿದವರಿಗೆ ನಲವತ್ತೈದು ನಿಮಿಷ ಮಿತಿ.

ಭಾಷೆ ತಿದ್ದಬೇಡಿ. ಭದ್ರಾವತಿ ಕ್ವಾರ್ಟರ್ಸಲ್ಲೂ ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳ ಕಲಸಿಯೇ ಮಾತಾಡಿದ್ದು. ಅಜ್ಜಿ ತಮಿಳಲ್ಲಿ ಹೇಳಿದ್ದನ್ನು ಶುದ್ಧ ಕನ್ನಡಕ್ಕೆ ಇಳಿಸಿ ಬರೆದರೆ ನೆರೆಹೊರೆಯೇ ಮಾಯ ಆಗುತ್ತೆ. ಮೊದಲು ಅವರ ಮಾತು ಹಾಗೇ, ಕೆಳಗೆ ಕನ್ನಡ.

ಮಾತು ಹೊರಡದವರಿಗೆ ಕೈಗೆ ಏನಾದರೂ ಕೊಡಿ. ಬುಗುರಿ-ಚಾಟಿ ಕೊಟ್ಟರೆ ಬೆರಳು ತಾನೇ ಸುತ್ತೋಕೆ ಶುರು ಮಾಡುತ್ತೆ, ಸೋತವನ ಬುಗುರಿಗೆ ಯಾರು ಎಷ್ಟು ಗುನ್ನ ಹೊಡೆದ್ರು ಅನ್ನೋದು ಹಿಂದೆಯೇ ಬರುತ್ತೆ. ಹೆಂಗಸರ ಮುಂದೆ ಅಳಗುಳಿ ಮಣೆ ಇಡಿ, ಹದಿನಾಲ್ಕು ಗುಳಿ, ಗುಳಿಗೆ ಐದು ಹುಣಸೆಬೀಜ. ಕಾಯಿ ಹಂಚುತ್ತಾ ಹೇಳೋ ಮಾತು ಮೈಕ್ ನೋಡುತ್ತಾ ಹೇಳಲ್ಲ. ಬೀಜದ ಸದ್ದು ರೆಕಾರ್ಡಿಂಗಲ್ಲಿ ಬರುತ್ತೆ, ಮಣೆ ಕೆಳಗೂ ಒಂದು ಟವೆಲ್.

ಕೊನೆಗೆ ಅಡ್ಡಹೆಸರು. ನಮ್ಮ ಕಡೆ ಇದರಲ್ಲೇ ಜಗಳ ಆಗಿದ್ದು. ಕುಂಟ, ಕರಿಯ, ತೊದಲ ಅಂತ ಕರೀತಿದ್ದದ್ದು ಕರೆದವರಿಗೆ ತಮಾಷೆ. ಆ ಮನುಷ್ಯನನ್ನೇ ಕೇಳಿ, ಒಪ್ಪಿದರೆ ಹಾಕಿ. ತೀರಿಕೊಂಡಿದ್ದರೆ ಮನೆಯವರನ್ನು ಕೇಳಿ. ಕೇಳಲು ಯಾರೂ ಸಿಗದಿದ್ದರೆ ಬಿಡಿ.

---

ಮೂರನೇ_ಪಾಳಿ:

ಮೇಲಿನವರು ಮೊದಲು ದನಿ ಅಂದದ್ದಕ್ಕೆ ಒಂದು ತಿದ್ದುಪಡಿ. ನಕ್ಷೆ ಇಲ್ಲದೆ ದನಿ ಹಿಡಿದ್ರೆ "ಇಲ್ಲಿ ಅವರು, ಅಲ್ಲಿ ಇವರು" ಅಂತ ಬೆರಳು ತೋರಿಸ್ತಾರೆ, ರೆಕಾರ್ಡಿಂಗಿಗೆ ಬೆರಳು ಕಾಣಲ್ಲ. ಕಚ್ಚಾ ನಕ್ಷೆ ಒಂದನ್ನಾದ್ರೂ ಮುಂದಿಟ್ಟುಕೊಳ್ಳಿ. ಅವರು ಬೆರಳಿಟ್ಟಾಗ ನೀವು ಜೋರಾಗಿ "ಹನ್ನೊಂದನೇ ಮನೆ, ನಲ್ಲಿ ಕಡೆ ಸಾಲು" ಅಂತ ಹೇಳಿ.

---

ಹುತ್ತಾ_ಕಡೆಯವ:

ಸರಿ. ಈ ಭಾನುವಾರ ಹೆಜ್ಜೆ ಅಳತೆ, ಸಂಜೆ ಇಬ್ಬರು ಹಿರಿಯರ ಮನೆ. ಚಾರ್ಟ್ ಪೇಪರ್ ಎರಡು ತಂದಿದೆ, ಟ್ರೇಸಿಂಗ್ ಹಾಳೆ ಶಿವಮೊಗ್ಗದಿಂದ ತರಿಸಬೇಕು. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಪೆನ್ಸಿಲ್ ಕೊಡೋಣ ಅಂದುಕೊಂಡಿದ್ದೀವಿ, ಯಾರು ಬರೆದದ್ದು ಅಂತ ಗೊತ್ತಾಗಲಿ ಅಂತ. ಸರೀನಾ?

---

ನೆಗೆಟಿವ್_ಡಬ್ಬಿ:

ಬಣ್ಣ ಬೇಡ. ಜೆರಾಕ್ಸ್ ಕಪ್ಪು-ಬಿಳುಪಲ್ಲಿ ಹೊರಬಂದ ತಕ್ಷಣ ಎಲ್ಲಾ ಬಣ್ಣವೂ ಬೂದು ಆಗುತ್ತೆ, ಹಳದಿ ಕಾಣೋದೇ ಇಲ್ಲ. ಹೇಗೂ ಒಬ್ಬರಿಗೊಂದು ಪ್ರತಿ ಕೊಡ್ತಿದ್ದೀರಲ್ಲ, ಬಲಗಡೆ ಕೆಳಮೂಲೆಯಲ್ಲಿ ಅವರ ಹೆಸರು, ತಾರೀಖು ಬರೆಸಿ. ಪೆನ್ಸಿಲ್ 2ಬಿ ಇರಲಿ, ಎಚ್‌ಬಿ ವಯಸ್ಸಾದ ಕೈಗೆ ತೆಳು ಬೀಳುತ್ತೆ. ಓದೋ ಕನ್ನಡಕ ಮನೇಲಿ ಮರೆತು ಬರಬೇಡಿ ಅಂತ ಹಿಂದಿನ ದಿನವೇ ಫೋನ್ ಮಾಡಿ ಹೇಳಿ.